ಕಾಡಿಗೆ 8×42 ಬೈನಾಕ್ಯುಲರ್ ಸಾಕಾ, 10×42 ಬೇಕಾ?

ಪ್ರಶ್ನೆ:
ದಟ್ಟ ಕಾಡಿನಲ್ಲಿ ಹಕ್ಕಿ, ಜಿಂಕೆ ನೋಡಲು ಬೆಳಗಿನ ಜಾವವೇ ಹೊರಡುತ್ತೇನೆ. ಮೊದಲ ಬೈನಾಕ್ಯುಲರ್ ಕೊಳ್ಳಬೇಕು. 10×42 ಜಾಸ್ತಿ ಹತ್ತಿರ ತೋರಿಸುತ್ತದೆ ಅಲ್ವಾ? ಇನ್ನೊಂದು, ನಾನು ಸದ್ದು ಮಾಡದೆ ನಡೆದರೂ ಜಿಂಕೆಗಳು ಮೊದಲೇ ಓಡಿಬಿಡುತ್ತವೆ. ಏನು ಮಾಡಲಿ?

ಉತ್ತರ 1:
ಮರಗಳ ನಡುವೆ ನೋಡುವುದಾದರೆ ಕಣ್ಣು ಮುಚ್ಚಿ 8×42 ತಗೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. 10 ಪಟ್ಟು ದೊಡ್ಡದಾಗಿ ಕಾಣುವಾಗ ಕೈಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ನೋಟದ ಅಗಲವೂ ಸಾಮಾನ್ಯವಾಗಿ ಕಡಿಮೆ. ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಕೊಂಬೆ ಬದಲಿಸಿರುತ್ತದೆ. ಬೆಳಕಿನ ಲೆಕ್ಕವೂ ಇದೆ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್ ಅಗಲ. 10×42ರಲ್ಲಿ ಅದು ಬರೀ 4.2. ನಸುಕಿನಲ್ಲಿ ಈ ವ್ಯತ್ಯಾಸ ನನಗಂತೂ ಚೆನ್ನಾಗಿ ಗೊತ್ತಾಗುತ್ತದೆ. ಬೋಳು ಗುಡ್ಡದ ಮೇಲಿಂದ ದೂರದ ಇಳಿಜಾರು ನೋಡುವವರಿಗೆ 10 ಸರಿ.

ಉತ್ತರ 2:
ಸದ್ದಲ್ಲ, ನಿಮ್ಮ ವಾಸನೆ ಇರಬೇಕು. ಜಿಂಕೆಯ ಮೂಗು ಬಹಳ ಚುರುಕು. ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ನಡೆಯಿರಿ. ಬೆಟ್ಟದಲ್ಲಿ ರಾತ್ರಿಯ ತಂಪು ಗಾಳಿ ಕೆಳಕ್ಕೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ಏರುತ್ತದೆ. ಹಾಗಾಗಿ ಬೆಳಗಿನ ಜಾವ ಕೆಳಗಿನಿಂದ ಹತ್ತಿ. ಆಗಾಗ ನಿಂತು ಸುಮ್ನೆ ಕೂತುಬಿಡಿ.

ಒಂದು ಕೋರಿಕೆ. ಹುಲ್ಲಿನಲ್ಲಿ ಒಂಟಿ ಮರಿ ಕಂಡರೆ ದಯವಿಟ್ಟು ಮುಟ್ಟಬೇಡಿ. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ನೀವು ಅಲ್ಲೇ ನಿಂತರೆ ತಾಯಿ ಹತ್ತಿರ ಬರಲ್ಲ.

ಪ್ರಶ್ನೆ ಕೇಳಿದವರು:
8×42 ಅಂತ ತೀರ್ಮಾನಿಸಿದೆ. ಕನ್ನಡಕ ಹಾಕಿಕೊಂಡೇ ನೋಡಬಹುದಾ?

ಉತ್ತರ 1:
ಖಂಡಿತ. ಐ ರಿಲೀಫ್ (ಪೂರ್ತಿ ನೋಟ ಕಾಣುವಂತೆ ಕಣ್ಣನ್ನು ಗಾಜಿನಿಂದ ಎಷ್ಟು ದೂರ ಇಡಬಹುದು ಎಂಬ ಅಳತೆ) 15 ಮಿಲಿಮೀಟರ್‌ಗಿಂತ ಜಾಸ್ತಿ ಇರುವುದನ್ನು ಆರಿಸಿ, ಐಕಪ್ (ಕಣ್ಣಿಡುವ ಕಡೆಯ ಬಳೆ) ಒಳಗೆ ತಿರುಗಿಸಿಕೊಳ್ಳಿ.