ಮದ್ರಾಸ್ ಮೊಸಳೆ ಬ್ಯಾಂಕ್‌ಗೆ ಅತ್ತೆಯವರನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಹಾಸನದಿಂದ)

ಮುಂದಿನ ತಿಂಗಳು ಮನೆಮಂದಿಯೆಲ್ಲ ಮಹಾಬಲಿಪುರಕ್ಕೆ ಹೊರಟಿದ್ದೇವೆ. ಚೆನ್ನೈಯಿಂದ ಅಲ್ಲಿಗೆ ಹೋಗುವ ಕಡಲತೀರದ ರಸ್ತೆಯಲ್ಲೇ, ವಡನೆಮ್ಮೇಲಿ ಎಂಬಲ್ಲಿ, ಮದ್ರಾಸ್ ಮೊಸಳೆ ಬ್ಯಾಂಕ್ ಇದೆಯೆಂದು ತಿಳಿದಂದಿನಿಂದ ಎಂಟು ವರ್ಷದ ಮಗ ಅದನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾನೆ. ತೊಡಕಿರುವುದು ಅತ್ತೆಯವರ ವಿಷಯದಲ್ಲಿ. ಪ್ರತಿ ನಾಗರ ಪಂಚಮಿಗೂ ಉಪವಾಸವಿದ್ದು ಹುತ್ತಕ್ಕೆ ತನಿ ಎರೆಯುವವರು ಅವರು. ಅಲ್ಲಿ ನಾಗರಹಾವುಗಳನ್ನು ಮಡಕೆಯಲ್ಲಿಟ್ಟು, ಜನರ ಎದುರಿಗೇ ವಿಷ ತೆಗೆಯುತ್ತಾರೆಂದು ಕೇಳಿ ಬಹಳ ನೊಂದುಕೊಂಡಿದ್ದಾರೆ. “ನಾಗಪ್ಪನನ್ನು ಹಿಂಸಿಸುವುದನ್ನು ದುಡ್ಡು ಕೊಟ್ಟು ನೋಡಬೇಕೇನಮ್ಮಾ?” ಎಂದು ಅವರು ಕೇಳಿದಾಗ ನನಗೆ ಉತ್ತರ ತಿಳಿಯಲಿಲ್ಲ. ಹೋಗಿ ಬಂದವರು ದಯವಿಟ್ಟು ತಿಳಿಸಿ: ಅಲ್ಲಿ ನಡೆಯುವುದೇನು, ಅದು ಅಗತ್ಯವೇ, ಮತ್ತು ಎಪ್ಪತ್ತು ದಾಟಿದವರು ಅಲ್ಲಿ ಓಡಾಡಲು ಸಾಧ್ಯವೇ?

ಉತ್ತರ 1 (ಚೆನ್ನೈಯಿಂದ)

ಓಡಾಡುವುದಕ್ಕೆ ತೊಂದರೆಯಿಲ್ಲ, ಆದರೆ ಬೆಳಿಗ್ಗೆಯೇ ಹೋಗಿ; ಕಡಲಿನ ಪಕ್ಕದ ಜಾಗವಾದ್ದರಿಂದ ಮಧ್ಯಾಹ್ನದ ಸೆಕೆ ಹಿರಿಯರನ್ನು ಬಳಲಿಸುತ್ತದೆ. ವಾರದ ರಜೆ ಯಾವ ದಿನವೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಹಾವಿನ ಮಾತಿಗೆ ಮೊದಲು ಮೊಸಳೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಚರ್ಮಕ್ಕಾಗಿ ನಡೆದ ಬೇಟೆಯಿಂದ ನಮ್ಮ ಮೊಸಳೆಗಳು ಅಳಿವಿನ ಅಂಚಿಗೆ ಬಂದಿದ್ದ ಕಾಲದಲ್ಲಿ, ಅಂದರೆ 1976ರಲ್ಲಿ, ರಾಮ್ಯುಲಸ್ ವಿಟೇಕರ್ ಮತ್ತು ಜೈ ವಿಟೇಕರ್ ಇದನ್ನು ಕಟ್ಟಿದರು. ಇಲ್ಲಿ ಸಾಕಿ, ಮರಿ ಮಾಡಿಸಿ, ಕಾಡಿನ ನೀರುಗಳಿಗೆ ಮರಳಿಸಲು ಒಂದು ಮೂಲಧನ ಕೂಡಿಡಬೇಕೆಂಬ ಯೋಚನೆಯಿಂದಲೇ ‘ಬ್ಯಾಂಕ್’ ಎಂಬ ಹೆಸರು ಬಂತು. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮಗ್ಗರ್ ಮೊಸಳೆಯೇ ಇಲ್ಲೂ ಬಹುಸಂಖ್ಯಾತ. ಬಾಯಿ ತೆರೆದು ಅಲುಗಾಡದೆ ಮಲಗಿರುವುದನ್ನು ಕಂಡು ಕೆಲವರು ಅದು ಬೊಂಬೆಯೇನೋ ಎಂದು ಕಲ್ಲೆಸೆಯುತ್ತಾರೆ. ಅದನ್ನು ನೋಡಿ ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಮೈಯ ಕಾವನ್ನು ಹದದಲ್ಲಿಟ್ಟುಕೊಳ್ಳಲು ಅದು ಬಾಯಿ ತೆರೆದಿರುತ್ತದೆ ಎಂಬುದನ್ನು ಮಗನಿಗೆ ಮೊದಲೇ ಹೇಳಿಡಿ.

ಅವನಿಗೆ ಇನ್ನೊಂದು ಸಂಗತಿಯೂ ಹಿಡಿಸಬಹುದು. ಮೊಸಳೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮೊಟ್ಟೆಗೆ ಸಿಕ್ಕ ಕಾವು. ಮಗ್ಗರ್ ಮೊಟ್ಟೆಗಳು 28ರಿಂದ 31 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಹೆಣ್ಣು ಮರಿಗಳೂ, 32.5 ಡಿಗ್ರಿಯಲ್ಲಿದ್ದರೆ ಗಂಡು ಮರಿಗಳೂ ಹೊರಬರುತ್ತವೆ. ಕೋಲಿನಂತೆ ನೀಳವಾದ ಮೂತಿಯ ಘರಿಯಾಲ್ ಬಳಿಯೂ ಸ್ವಲ್ಪ ಹೊತ್ತು ನಿಲ್ಲಿ. ಮೀನೇ ಅದರ ಮುಖ್ಯ ಆಹಾರ. ಬೆಳೆದ ಗಂಡಿನ ಮೂಗಿನ ತುದಿಯಲ್ಲಿ ಸಣ್ಣ ಗಡಿಗೆಯಂಥ ಉಬ್ಬು ಇರುತ್ತದೆ.

ಉತ್ತರ 2 (ಮೈಸೂರಿನಿಂದ, ನಿವೃತ್ತ ಜೀವಶಾಸ್ತ್ರ ಶಿಕ್ಷಕ)

ನಿಮ್ಮ ಅತ್ತೆಯವರ ನೋವು ಗೌರವಕ್ಕೆ ಅರ್ಹವಾದದ್ದು. ಅಲ್ಲಿ ಹಾವುಗಳ ವಿಷ ತೆಗೆಯುವವರು ಇರುಳರು; ಅವರ ವಿಷಯವನ್ನು ಅತ್ತೆಯವರಿಗೆ ಹೇಳಿ ನೋಡಿ. ಇರುಳರು ತಲೆತಲಾಂತರದಿಂದ ಹಾವಿನ ಜಾಡು ಹಿಡಿಯಬಲ್ಲ ಬುಡಕಟ್ಟಿನವರು. ಒಂದು ಕಾಲದಲ್ಲಿ ಚರ್ಮದ ವ್ಯಾಪಾರಿಗಳಿಗಾಗಿ ಹಾವುಗಳನ್ನು ಕೊಲ್ಲುವುದೇ ಅವರ ಜೀವನೋಪಾಯವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಆ ವ್ಯಾಪಾರ ನಿಂತಾಗ ಅವರ ಹೊಟ್ಟೆಪಾಡು ತಪ್ಪಿತು. ಆಗ, 1978ರಲ್ಲಿ, ಹುಟ್ಟಿದ್ದೇ ಅವರ ಸಹಕಾರ ಸಂಘ. ಅಂದಿನಿಂದ ಅವರು ಹಾವನ್ನು ಜೀವಂತ ಹಿಡಿದು ತರುತ್ತಾರೆ. ಕೆಲವು ವಾರ ಇಟ್ಟುಕೊಂಡು, ನಡುನಡುವೆ ಬಿಡುವು ಕೊಟ್ಟು ವಿಷ ತೆಗೆದು, ಮತ್ತೆ ಕಾಡಿಗೇ ಬಿಡುತ್ತಾರೆ. ಅದೇ ಹಾವು ಕೂಡಲೇ ಮತ್ತೆ ಸಿಕ್ಕಿಬೀಳದಂತೆ ಹೊಟ್ಟೆಯ ಹುರುಪೆಗೆ ಗುರುತನ್ನೂ ಮಾಡಿರುತ್ತಾರೆ.

ಹಾಗೆ ತೆಗೆದ ವಿಷವನ್ನು ಒಣಗಿಸಿ ಔಷಧ ತಯಾರಕರಿಗೆ ಕಳಿಸುತ್ತಾರೆ. ಅವರು ಅದನ್ನು ಅಲ್ಪ ಪ್ರಮಾಣಗಳಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಪ್ರತಿವಿಷವನ್ನು ತಯಾರಿಸುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ, ಈ ನಾಲ್ಕರ ಕಡಿತಕ್ಕೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಅದನ್ನೇ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆಂಬ ಅಂದಾಜನ್ನು ಎದುರಿಗಿಟ್ಟುಕೊಂಡರೆ, ಅದು ಅಗತ್ಯವೇ ಎಂಬ ಪ್ರಶ್ನೆಗೆ ನಾನು ಹೌದೆಂದೇ ಹೇಳುತ್ತೇನೆ. 2023ರಲ್ಲಿ ಇಬ್ಬರು ಇರುಳರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ, ಪದ್ಮಶ್ರೀ ದೊರೆತಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಉತ್ತರ 3 (ತೀರ್ಥಹಳ್ಳಿಯಿಂದ)

ಮೇಷ್ಟ್ರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಇರುಳರ ಕೈಚಳಕವನ್ನು ಕಂಡ ಮಕ್ಕಳಿಗೆ ಹಾವು ಹಿಡಿಯುವುದು ಸುಲಭವೆಂದು ತೋರುವ ಅಪಾಯವಿದೆ, ಆದ್ದರಿಂದ ಅಲ್ಲೇ ನಿಂತು ಮಗನಿಗೆ ತಿಳಿಸಿ ಹೇಳಿ. ಹಾವು ಕಚ್ಚಿದರೆ ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿಸಿಕೊಂಡ ಭಾಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯದು. ನಮ್ಮ ಕಡೆ ಜೀವಗಳು ಹೋಗಿರುವುದು ಹೀಗೆ ತಡವಾದದ್ದರಿಂದ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ದೊಡ್ಡ ಹೆಜ್ಜೆ.

ಮಲೆನಾಡಿನವನಾಗಿ ಇನ್ನೊಂದು ಮಾತು. ಆ ನಾಲ್ಕು ಹಾವುಗಳ ಪ್ರತಿವಿಷ ನಮ್ಮ ಕಾಳಿಂಗ ಸರ್ಪದ ಕಡಿತಕ್ಕೆ ತಯಾರಾದದ್ದಲ್ಲ. ಕಾಳಿಂಗನ ಅಧ್ಯಯನಕ್ಕೆಂದೇ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ತೆರೆದರು. ಅಲ್ಲಿಗೂ ವಡನೆಮ್ಮೇಲಿಗೂ ಇರುವ ನಂಟನ್ನು ತಿಳಿದುಕೊಂಡು ಹೋದರೆ ಊರು ನಿಮಗೆ ಅಷ್ಟು ಪರಕೀಯವೆನಿಸದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಉತ್ತರವನ್ನು ಅತ್ತೆಯವರಿಗೆ ಎರಡು ಸಲ ಓದಿ ಹೇಳಿದೆ. ವಾಪಸು ಕಾಡಿಗೆ ಬಿಡುತ್ತಾರೆಂಬಲ್ಲಿ ತಡೆದು, ನಿಜವೇ ಎಂದು ಮತ್ತೆ ಮತ್ತೆ ಕೇಳಿದರು. ಬರುವುದಾಗಿ ಹೇಳಿದ್ದಾರೆ. ಮಡಕೆಯ ಬಾಯಿ ಕಟ್ಟಿದರೆ ಹಾವಿಗೆ ಉಸಿರಾಡಲು ಗಾಳಿ ಹೇಗೆ ಸಿಗುತ್ತದೆ ಎಂಬುದೊಂದನ್ನು ಕೇಳಿ ತಿಳಿಸು ಎಂದಿದ್ದಾರೆ.

ಉತ್ತರ 2, ಮತ್ತೊಮ್ಮೆ

ಮಡಕೆಯ ಬಾಯಿಗೆ ಕಟ್ಟುವುದು ತೆಳುವಾದ ಹತ್ತಿಬಟ್ಟೆ. ಗಾಳಿ ಅದರೊಳಗಿಂದ ಆಡುತ್ತದೆ. ಮಣ್ಣಿನ ಮಡಕೆಯಾದ್ದರಿಂದ ಒಳಗೆ ತಂಪೂ ಇರುತ್ತದೆ.