ಬಾದಾಮಿ ಮಾವಿನ ಬುಡದಾಗೆ ಹೊಟ್ಟು ಉದುರ್ತೈತೆ, ಸೀಮೆಎಣ್ಣೆಗೂ ಬಗ್ತಿಲ್ಲ

ಹೊಳಲ್ಕೆರೆ ತೋಟ:
14 ವರ್ಷದ ಬಾದಾಮಿ ಗಿಡ. ನೆಲದಿಂದ ಎರಡಡಿ ಮೇಲೆ ಪೆನ್ಸಿಲ್ ತೂರುವಷ್ಟು ತೂತು, ಕೆಳಗೆ ನಾರುನಾರಾದ ಹೊಟ್ಟು ದಿನಾ ಬೀಳ್ತೈತೆ. ತೊಗಟೆ ಮೇಲೆ ಕಪ್ಪು ರಸ ಇಳಿದು ಅಂಟಾಗೈತೆ. ಆ ಕಡೆ ಕೊಂಬೆಯ ಎಲೆ ಹಳದಿಗೆ ತಿರುಗ್ಯಾವೆ. ಸಿರಿಂಜಿನಲ್ಲಿ 20 ಮಿ.ಲೀ. ಸೀಮೆಎಣ್ಣೆ ಬಿಟ್ಟರೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ತೆಂಗಿನ ಸುಳಿ ಕೊರೆಯೋ ದುಂಬಿನೇ ಇದಕ್ಕೂ ಬಂತಾ? ಸಂಕ್ರಾಂತಿ ಮುಂಚೆ ಒಂದು ಒಣಕೊಂಬೆ ಕಡಿಸಿ ಶೆಡ್ ಪಕ್ಕ ಸೌದೆಗೆ ಒಟ್ಟಿದ್ದೀವಿ, ಅದನ್ನ ಹಾಗೇ ಇಡಬಹುದಾ?

ಉದ್ದಮೀಸೆ:
ಅಲ್ಲ ಯಜಮಾನ್ರೆ, ಇದು ಬೇರೆ ಕುಲ. ತೆಂಗಿನಲ್ಲಿ ಕೊರೆಯೋದು ದುಂಬಿ. ಅದರ ಮರಿ ತಿಪ್ಪೆಗುಂಡಿಯಲ್ಲಿ ಬೆಳೆಯುತ್ತೆ. ಮಾವಿನಲ್ಲಿ ಕೊರೆಯೋದೇ ಮರಿ, ದುಂಬಿ ಹೊರಗೆ ಎಳೆ ಚಿಗುರಿನ ಹಸಿರು ತೊಗಟೆ ಕೆರೆದು ತಿಂದುಕೊಂಡಿರುತ್ತೆ. ಮರಿಗಳನ್ನ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ: ತಿಪ್ಪೆಯದು ಬಿಲ್ಲಿನ ಹಾಗೆ ಬಾಗಿರುತ್ತೆ, ಆರು ಕಾಲು. ಮಾವಿನದು ನೆಟ್ಟಗೆ, ಕೆನೆಬಣ್ಣ, ಕಾಲೇ ಇಲ್ಲ, ತಲೆ ಕಂದು. ಬಲಿತರೆ 9-10 ಸೆಂ.ಮೀ.

ನೀವು ಹೇಳಿದ ಲಕ್ಷಣ ಬ್ಯಾಟೊಸೆರಾ ರೂಫೊಮ್ಯಾಕುಲೇಟಾ ಅನ್ನೋ ಉದ್ದಮೀಸೆ ದುಂಬಿಯದ್ದು, ಮಾವಿನ ಕಾಂಡ ಕೊರಕ. ದುಂಬಿ ಬೂದುಗಂದು, ಬೆನ್ನಿನ ಮುಂಭಾಗದಲ್ಲಿ ಮೂತ್ರಪಿಂಡದ ಆಕಾರದ ಎರಡು ಕಿತ್ತಳೆ-ಹಳದಿ ಮಚ್ಚೆ, ಅಕ್ಕಪಕ್ಕ ಒಂದೊಂದು ಮುಳ್ಳು. ಗಂಡಿನ ಮೀಸೆ ಮೈಗಿಂತ ಉದ್ದ. ಹಿಡಿದರೆ ಕಿರ್ ಅನ್ನುತ್ತೆ. ಆ ಸದ್ದು ಬಾಯಿಂದಲ್ಲ, ಎದೆಕವಚ ಉಜ್ಜಿ ಬರೋದು.

ಮೊದಲ ಮಳೆಗಳು ಬಿದ್ದ ಮೇಲೆ, ಮೃಗಶಿರಾ-ಆರಿದ್ರಾ ಹೊತ್ತಿಗೆ ದುಂಬಿ ಹೊರಬರುತ್ತೆ. ಹೆಣ್ಣು ತೊಗಟೆ ಕಚ್ಚಿ ಸೀಳು ಮಾಡಿ ಒಂದೊಂದೇ ಮೊಟ್ಟೆ ಇಡುತ್ತೆ, 200ರ ತನಕ. ಒಂದೆರಡು ವಾರಕ್ಕೆ ಮರಿ. ಮೊದಲು ತೊಗಟೆ ಕೆಳಗೇ ತಿಂದು, ಆಮೇಲೆ ಮರದೊಳಗೆ ಹೋಗುತ್ತೆ. ಮರಿ ಹಂತವೇ ಐದು ತಿಂಗಳಷ್ಟು, ಕೆಲವು ಸಲ ಜಾಸ್ತಿ. ಒಳಗೇ ಒಂದು ಗೂಡು ಮಾಡಿ ಕೋಶವಾಗಿ 20-25 ದಿನ. ಹುಟ್ಟಿದ ದುಂಬಿಯೂ ಮಳೆ ಬರೋವರೆಗೆ ಅಲ್ಲೇ ಕೂತಿರುತ್ತೆ. ವರ್ಷಕ್ಕೆ ಒಂದೇ ಪೀಳಿಗೆ. ನಿಮ್ಮ ಗಿಡದೊಳಗಿರೋದು ಈಗ ಬಲಿತ ಮರಿ.

ಸೌದೆ ಹಾಗೇ ಇಡಬೇಡಿ. ಕಡಿದ ಕೊಂಬೆಯೊಳಗೂ ಮರಿ ಬೆಳವಣಿಗೆ ಮುಗಿಸಿ ದುಂಬಿಯಾಗಿ ಬರಬಲ್ಲದು. ರೋಹಿಣಿ ಮಳೆಗೆ ಮೊದಲೇ ಸೀಳಿ ಒಲೆಗೆ ಹಾಕಿ.

ಚಿತ್ರದುರ್ಗ ಬಯಲು:
ಸೀಮೆಎಣ್ಣೆ ಕೆಲಸ ಮಾಡದ್ದಕ್ಕೆ ಕಾರಣ ಸುರಂಗದ ಹೊಟ್ಟು. ಹುಳ ತಿಂದು ಮುಂದೆ ಹೋದ ಹಾಗೆ ಹಿಂದೆ ಹೊಟ್ಟು ತುರುಕಿರುತ್ತೆ, ನೀವು ಬಿಟ್ಟಿದ್ದನ್ನೆಲ್ಲ ಅದೇ ಹೀರಿಕೊಳ್ತು. ಮೊದಲು ದಾರಿ ಬಿಡಿಸಿ. ಬಾಯಿ ಹತ್ತಿರದ ಕೊಳೆತ ತೊಗಟೆಯನ್ನ ಉಳಿಯಿಂದ ಕೆತ್ತಿ, ಆರೋಗ್ಯವಾದ ಹಸಿಭಾಗ ಮುಟ್ಟಬೇಡಿ. ಸೈಕಲ್ ಸ್ಪೋಕ್ ನೆಟ್ಟಗಿನ ಸುರಂಗಕ್ಕೆ ಸರಿ. ತಿರುವಿದ್ದರೆ ಬೈಕಿನ ಬ್ರೇಕ್ ಕೇಬಲ್ಲಿನ ಒಳತಂತಿ ಬೇಕು, ತುದಿಯನ್ನ 3-4 ಮಿ.ಮೀ. ಕೊಕ್ಕೆಯಾಗಿ ಬಗ್ಗಿಸಿ. ಸಾಮಾನ್ಯವಾಗಿ ಸುರಂಗ ಮೇಲ್ಮುಖ, ಹಾಗಾಗಿ ಮೇಲಕ್ಕೆ ತೂರಿಸಿ ತಿರುವಿ ಎಳೀರಿ. ತುದಿಗೆ ಬಿಳಿ ರಸ ಅಂಟಿ ಬಂದರೆ ಹುಳಕ್ಕೆ ಚುಚ್ಚಿದೆ. ಅಂಟದಿದ್ದರೆ ಇನ್ನೂ ಮೇಲಿದೆ.

ಆಮೇಲೆ ಪೆಟ್ರೋಲಲ್ಲೋ ಸೀಮೆಎಣ್ಣೆಯಲ್ಲೋ ಅದ್ದಿದ ಹತ್ತಿ ತುರುಕಿ, ಕೂಡಲೇ ಹಸಿ ಜೇಡಿಮಣ್ಣಿಂದ ಬಾಯಿ ಮುಚ್ಚಿ. ಒಳಗಿನ ಆವಿ ನಿಲ್ಲಬೇಕು, ಅದಕ್ಕೇ ಮಣ್ಣು ಒಣಗಿ ಬಿರುಕು ಬಿಟ್ಟರೆ ಮತ್ತೆ ಮೆತ್ತಿ. ಹತ್ತಿರ ಬೀಡಿ ಬೇಡ. ವಾರದ ನಂತರ ಹೊಸ ಹೊಟ್ಟು ಬಿದ್ದಿದ್ದರೆ ಎರಡನೇ ಹುಳ ಇದೆ ಅಂತ ಲೆಕ್ಕ.

ಡೈಕ್ಲೋರ್ವಾಸ್ ಅನ್ನೋ ಕೀಟನಾಶಕ ಹಾಕಿ ಅಂತ ಈಗಲೂ ಹೇಳೋರಿದ್ದಾರೆ. 2020ರ ಕೊನೆಯಿಂದ ಅದು ದೇಶದಲ್ಲಿ ನಿಷೇಧ. ಕಾಳಿನ ಹುಳಕ್ಕೆ ಇಡೋ ಸಲ್ಫಾಸ್ ವಿಷದ ಮಾತ್ರೆಯಂತೂ ಮನುಷ್ಯನನ್ನೇ ತೆಗೆಯೋದು, ಆ ಕಡೆ ನೋಡಲೇಬೇಡಿ.

ಹೊಳಲ್ಕೆರೆ ತೋಟ:
ತಂತಿ ಒಂದಡಿ ಹೋಗಿ ಹಾಲಿನಂಥ ರಸ ಬಂತು. ಆದರೆ ಮೇಲೆ ಇನ್ನೊಂದು ತೂತು ಐತೆ: ಗುಂಡಗೆ, ಬೆರಳು ಹೋಗುವಷ್ಟು, ಒಣಗೈತೆ, ಹೊಟ್ಟೇ ಇಲ್ಲ. ಬೇಲಿ ಜಾಲಿ ಬುಡದಾಗೂ ಹೊಟ್ಟು ಕಂಡೈತೆ, ಜಾಲಿ ಕಡಿಸಿಬಿಡ್ಲಾ?

ಉದ್ದಮೀಸೆ:
ಅದು ದುಂಬಿ ಹೊರಬಿದ್ದ ತೂತು. ಒಳಗೆ ಏನಿಲ್ಲ, ಔಷಧಿ ಸುರಿಯೋದು ದಂಡ. ನೀರು ನಿಲ್ಲದ ಹಾಗೆ ಮಣ್ಣು ತುಂಬಿ ಸಾಕು. ಆದರೆ ಹೊರಬಿದ್ದ ಹೆಣ್ಣು ಅದೇ ಗಿಡಕ್ಕೋ ಪಕ್ಕದ ಗಿಡಕ್ಕೋ ಮೊಟ್ಟೆ ಇಟ್ಟಿರಬಹುದು. ಸುತ್ತಲಿನ ಗಿಡಗಳನ್ನೂ ಬಗ್ಗಿ ನೋಡಿ.

ಚಿತ್ರದುರ್ಗ ಬಯಲು:
ಜಾಲಿ ಕಡಿಸಿ ಪ್ರಯೋಜನ ಇಲ್ಲಣ್ಣ. ಜಾಲಿಯಲ್ಲಿ ಸಾಮಾನ್ಯವಾಗಿ ಇರೋದು ಸೆಲೋಸ್ಟರ್ನಾ ಅನ್ನೋ ಇನ್ನೊಂದು ಉದ್ದಮೀಸೆ ದುಂಬಿ. ಅದರ ಮರಿ ಬೇರಿನ ಕಡೆ ಇಳಿಯುತ್ತೆ, ಹೊಟ್ಟನ್ನ ನೆಲಮಟ್ಟದಲ್ಲಿ ತಳ್ಳುತ್ತೆ. ದ್ರಾಕ್ಷಿ ಇದ್ದವರಿಗೆ ಅದು ಶತ್ರು. ನಿಮ್ಮ ಹುಳಕ್ಕೆ ನೋಡಬೇಕಾದ್ದು ಬೂರುಗ, ಅಂಜೂರ, ಹಲಸು.

ಕೆತ್ತಿದ ಜಾಗಕ್ಕೆ ಶಿಲೀಂಧ್ರ ತಡೆಯೋ ಬೋರ್ಡೋ ಪೇಸ್ಟ್ ಬಳಿಯಿರಿ: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 10 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಲ್ಲಿ 5-5 ಲೀಟರಿನಲ್ಲಿ ಕರಗಿಸಿ ಕೂಡಿಸಿ, ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು. ಒಂದು ಗಿಡಕ್ಕಾದರೆ 100 ಗ್ರಾಂ ಲೆಕ್ಕದಲ್ಲಿ ಮಾಡಿ, ಉಳಿಸಿಟ್ಟರೆ ಮರುದಿನಕ್ಕೆ ಗುಣ ಹೋಗುತ್ತೆ.

ಜುಲೈನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಬುಡದಿಂದ ಸೊಂಟದೆತ್ತರದವರೆಗೆ ತೊಗಟೆ ತಡವಿ. ರಸ ಜಿನುಗಿದ ಸಣ್ಣ ಸೀಳು ಸಿಕ್ಕರೆ ಅಲ್ಲೇ ಚಾಕುವಿನ ಮೊನೆಯಿಂದ ಕೆದಕಿ. ಆಗ ಮರಿ ಇನ್ನೂ ತೊಗಟೆ ಕೆಳಗೇ ಇರುತ್ತೆ, ತಂತಿ ಬೇಕಾಗಲ್ಲ.