ನಾಟಿ ಬೀಜ ಬೆರಕೆಯಾಗದಂತೆ ಉಳಿಸಿಕೊಳ್ಳುವುದು ಹೇಗೆ?

ಕೇಳಿದವರು, ಬೆಂಗಳೂರು: ಊರಿಂದ ಅತ್ತೆ ನಾಟಿ ಸೋರೆ, ಬದನೆ, ಅಲಸಂದೆ ಬೀಜ ಕಳಿಸಿದ್ದಾರೆ. ಅವರ ಹಿತ್ತಲಲ್ಲಿ ತುಂಬಾ ವರ್ಷದಿಂದ ಇರುವ ತಳಿಗಳು. ನನಗಿರುವುದು ತಾರಸಿ, ಕೆಲವು ಡ್ರಮ್ಮು. ವರ್ಷ ವರ್ಷ ಬೀಜ ಮಾಡಿಕೊಂಡರೆ ತಳಿ ಹಾಗೇ ಉಳಿಯುತ್ತದಾ? ಮಾಡಿ ನೋಡಿದವರು ಹೇಳಿ.

ಹಾಸನದಿಂದ: ಅಲಸಂದೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದರ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಪೇಚಾಟ ಇರುವುದು ಸೋರೆಯಲ್ಲಿ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಪರಾಗ ತರುವುದು ಹುಳಗಳು. ಪಕ್ಕದ ಬೀದಿಯಲ್ಲಿ ಯಾರೋ ಹೈಬ್ರಿಡ್ ಸೋರೆ ಹಾಕಿದ್ದರೂ ಈ ವರ್ಷದ ಕಾಯಿ ಅತ್ತೆ ಮನೆಯದರ ಥರವೇ ಇರುತ್ತದೆ. ಬೆರಕೆ ಗೊತ್ತಾಗುವುದು ಅದರ ಬೀಜ ಬಿತ್ತಿದಾಗ!

ನಾನು ಮಾಡುವುದು ಹೀಗೆ. ಸೋರೆ ಹೂ ಅರಳುವುದು ಸಂಜೆ. ಅವತ್ತು ಅರಳುವ ಮೊಗ್ಗಿನ ತುದಿ ಬೆಳ್ಳಗೆ ಕಾಣುತ್ತದೆ. ಮಧ್ಯಾಹ್ನವೇ ಗಂಡು, ಹೆಣ್ಣು ಎರಡಕ್ಕೂ ತೆಳು ಬಟ್ಟೆ ಚೀಲ ಕಟ್ಟಿ. ಕತ್ತಲಾಗುವ ಹೊತ್ತಿಗೆ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಸವರಿ ಮತ್ತೆ ಚೀಲ ಕಟ್ಟಿ. ಪಿಂದೆ ನಿಂತ ಮೇಲೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಇಲ್ಲದಿದ್ದರೆ ಮನೆಯವರೇ ಕೊಯ್ದು ಪಲ್ಯ ಮಾಡಿರುತ್ತಾರೆ. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಸಿಹಿಗುಂಬಳಕ್ಕೂ ಇದೇ ಕ್ರಮ, ಆದರೆ ಅದು ಅರಳುವುದು ಬೆಳಗಿನ ಜಾವ.

ಉಡುಪಿಯಿಂದ: ಬದನೆ ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ, ಆದರೆ ಜೇನ್ನೊಣ ಬಂದರೆ ಬೆರಕೆಯೂ ಆಗುತ್ತದೆ. ಒಂದು ರೆಂಬೆಗೆ ಚೀಲ ಕಟ್ಟಿ, ಹೂ ಬಿಟ್ಟಾಗ ಮೆಲ್ಲಗೆ ಅಲ್ಲಾಡಿಸಿದರೆ ಸಾಕು. ಚೆನ್ನಾಗಿರುವ ಕಾಯಿ ಸಾಂಬಾರಿಗೆ, ಕೊನೆಗೆ ಉಳಿದ ಸೊಟ್ಟ ಕಾಯಿ ಬೀಜಕ್ಕೆ ಅನ್ನುವ ಲೆಕ್ಕ ಬೇಡ. ಒಳ್ಳೇ ಗಿಡದ ಒಳ್ಳೇ ಕಾಯಿಯನ್ನೇ ಹಳದಿಯಾಗುವ ತನಕ ಬಿಡಿ.

ಕಟಪಾಡಿ ಹತ್ತಿರದ ಮಟ್ಟು ಊರಿನ ಗುಳ್ಳ ಬದನೆಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಆದರೆ ಅದು ಉಳಿದಿರುವುದು ಆ ಕಾಗದದಿಂದಲ್ಲ, ಅಲ್ಲಿಯವರು ಬೀಜಕ್ಕೆ ಅಂತ ಕಾಯಿ ಬಿಡುವುದರಿಂದ. ಬೆಂಗಳೂರಿನಲ್ಲೂ ಗಿಡ ಬರುತ್ತದೆ. ರುಚಿ ಮಾತ್ರ ಕೇಳಬೇಡಿ.

ಶಿರಸಿಯಿಂದ: ಒಂದೇ ಗಿಡದಿಂದ ಬೀಜ ತೆಗೆಯಬೇಡಿ, ನಾಲ್ಕಾರು ಗಿಡದ್ದು ಸೇರಿಸಿ. ನಾಟಿ ತಳಿಯಲ್ಲಿ ಗಿಡದಿಂದ ಗಿಡಕ್ಕೆ ಇರುವ ಸಣ್ಣಪುಟ್ಟ ವ್ಯತ್ಯಾಸವೇ ಬರ, ರೋಗ ಬಂದಾಗ ಕೈ ಹಿಡಿಯುವುದು. ನೆರಳಲ್ಲಿ ಒಣಗಿಸಿ, ಒಲೆ ಬೂದಿ ಬೆರೆಸಿ, ಗಾಳಿಯಾಡದ ಬಾಟಲಿಯಲ್ಲಿಡಿ. ಬೂದಿ ಸಿಗದಿದ್ದರೆ ಅಲಸಂದೆಗೆ ಚೂರು ಹರಳೆಣ್ಣೆ ಸವರಿ. ಅಮಾವಾಸ್ಯೆಯಂದೇ ಒಣಗಿಸಬೇಕು ಅನ್ನುವವರೂ ಇದ್ದಾರೆ, ನಾನು ಮೋಡವಿಲ್ಲದ ದಿನ ನೋಡುತ್ತೇನೆ, ಪಂಚಾಂಗ ನೋಡುವುದಿಲ್ಲ.

ಎಲ್ಲಾ ಬೀಜ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ವನಸ್ತ್ರೀ ಬಳಗದ ಹೆಂಗಸರು ಹಿತ್ತಲ ಬೀಜ ಹಂಚಿಕೊಂಡೇ ಉಳಿಸುತ್ತಿದ್ದಾರೆ. ನಿಮ್ಮಲ್ಲಿ ಇಲಿ ತಿಂದರೂ ಇನ್ನೊಂದು ಮನೆಯಲ್ಲಿ ಇರುತ್ತದೆ.

ಕೇಳಿದವರು: ಹಾಗೆ ಹಂಚುವುದಕ್ಕೆ ಕಾನೂನಿನ ತೊಡಕು ಇದೆಯಾ?

ಮೈಸೂರಿನಿಂದ: ನಾಟಿ ಬೀಜಕ್ಕೆ ಯಾವ ಹೆದರಿಕೆಯೂ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ, ಕಂಪನಿ ನೋಂದಾಯಿಸಿದ ತಳಿಯನ್ನೂ ರೈತರು ಬೀಜ ಮಾಡಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಅಂದ ಹಾಗೆ, ನಿಮ್ಮತ್ತೆಯವರ ಸೋರೆ ಉದ್ದದ್ದಾ, ದುಂಡಗಿನದಾ? ದುಂಡಗಿನದಾದರೆ ನನಗೂ ನಾಲ್ಕು ಬೀಜ ಎತ್ತಿಡಿ.